ಆಗಿದ್ದು ಆಗಿಹೋಗಿದೆ: ‘ಲಾಸ್ಟ್’ ಧಾರಾವಾಹಿಯ ಟೈಮ್ ಟ್ರಾವೆಲ್ ಲೆಕ್ಕ

ಹರ್ಲಿ ತನ್ನ ಕೈಯನ್ನೇ ದಿಟ್ಟಿಸುತ್ತಾ ಕೂತಿದ್ದಾನೆ. ಬೆರಳುಗಳು ಮಾಯವಾಗುತ್ತಿವೆಯಾ ಅಂತ ಪರೀಕ್ಷೆ. ಇಸವಿ 1977. ಅವನ ಗೆಳೆಯ ಸಯೀದ್ ಸ್ವಲ್ಪ ಹೊತ್ತಿನ ಹಿಂದೆ ಒಬ್ಬ ಹುಡುಗನಿಗೆ ಗುಂಡು ಹೊಡೆದಿದ್ದಾನೆ. ಆ ಹುಡುಗನ ಹೆಸರು ಬೆನ್. ಮುಂದೆ ದೊಡ್ಡವನಾಗಿ ಇವರೆಲ್ಲರನ್ನೂ ಗೋಳು ಹೊಯ್ದುಕೊಳ್ಳಬೇಕಾದವನು. ಅವನು ಈಗಲೇ ಸತ್ತರೆ ಮುಂದಿನದ್ದು ಯಾವುದೂ ಆಗುವುದಿಲ್ಲ. ಆಗ ನಾವು ಇಲ್ಲಿಗೆ ಬರುವುದೂ ಇಲ್ಲ. ಅಂದಮೇಲೆ ನಾನು ಮಾಯವಾಗಬೇಕು ತಾನೆ? ಇದು ಹರ್ಲಿಯ ಲೆಕ್ಕ. ಪಕ್ಕದಲ್ಲಿರುವ ಮೈಲ್ಸ್, ಅದು ಹಾಗಲ್ಲ ಎಂದು ಬಿಡಿಸಿ ಹೇಳಲು ಶುರು ಮಾಡುತ್ತಾನೆ. ಹೇಳುತ್ತಾ ಹೇಳುತ್ತಾ ತಾನೇ ಸಿಕ್ಕಿಬೀಳುತ್ತಾನೆ.

‘ಲಾಸ್ಟ್’ ನೋಡಿದ ಎಲ್ಲರೂ ಒಂದಲ್ಲ ಒಂದು ದಿನ ಹರ್ಲಿಯ ಜಾಗದಲ್ಲಿ ಕೂತವರೇ. 2004ರ ಸೆಪ್ಟೆಂಬರ್ 22ರಿಂದ 2010ರ ಮೇ 23ರವರೆಗೆ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಆರು ಸೀಸನ್ ಬಂದ ಧಾರಾವಾಹಿ ಇದು. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಶಿಯಾನಿಕ್ 815 ವಿಮಾನ ಒಂದು ದ್ವೀಪದ ಮೇಲೆ ಬೀಳುತ್ತದೆ. ಬದುಕಿ ಉಳಿದವರು ಏನು ಮಾಡಿದರು ಅನ್ನುವುದು ಕಥೆ. ಮೊದಲ ಎರಡು ಸೀಸನ್ ನೋಡಿದವರಿಗೆ ಇದರಲ್ಲಿ ಟೈಮ್ ಟ್ರಾವೆಲ್ ಇದೆ ಅಂತ ಸುಳಿವೂ ಸಿಗುವುದಿಲ್ಲ. ಐದನೇ ಸೀಸನ್ ಹೊತ್ತಿಗೆ ಅರ್ಧ ಜನ 1977ರಲ್ಲಿ, ಇನ್ನರ್ಧ ಜನ 2007ರಲ್ಲಿ. ನೋಡುವವರ ತಲೆ ಎಲ್ಲಿತ್ತೋ! (ಇಲ್ಲಿಂದ ಮುಂದೆ ಕಥೆಯ ಗುಟ್ಟೆಲ್ಲ ರಟ್ಟಾಗುತ್ತದೆ. ಇನ್ನೂ ನೋಡಬೇಕೆಂದಿರುವವರು ಇಲ್ಲೇ ನಿಲ್ಲಿಸಿ, ನನಗೇನೂ ಬೇಜಾರಿಲ್ಲ.)

ಅಭಿಮಾನಿಗಳ ಥಿಯರಿಗಳು ಒಂದೆರಡಲ್ಲ. ಹಿಂದಿನದ್ದನ್ನು ಬದಲಿಸಲು ಸಾಧ್ಯವೇ ಇಲ್ಲ ಅನ್ನುವವರು ಒಂದು ಗುಂಪು. ಚಿಕ್ಕಪುಟ್ಟದ್ದು ಬದಲಿಸಬಹುದು, ದೊಡ್ಡದನ್ನು ಜಗತ್ತೇ ಸರಿಮಾಡಿಕೊಳ್ಳುತ್ತದೆ ಅನ್ನುವವರು ಇನ್ನೊಂದು. ಐದನೇ ಸೀಸನ್ ಕೊನೆಯಲ್ಲಿ ಬಾಂಬ್ ಸಿಡಿದಾಗ ಕಾಲ ಎರಡಾಗಿ ಸೀಳಿತು ಅನ್ನುವವರು ಮತ್ತೊಂದು. ಇವೆಲ್ಲವನ್ನೂ ಇಟ್ಟುಕೊಂಡು ಧಾರಾವಾಹಿಯನ್ನು ಮತ್ತೆ ಮತ್ತೆ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಇಲ್ಲಿರುವ ನಿಯಮ ಒಂದೇ, ಅದು ಕೊನೆಯವರೆಗೂ ಮುರಿದಿಲ್ಲ. ತೊಂದರೆ ಏನೆಂದರೆ, ಪಾತ್ರಗಳು ಆ ನಿಯಮವನ್ನು ಒಪ್ಪುವುದಿಲ್ಲ. ಅವು ಜಗಳ ಆಡುತ್ತವೆ, ಮನಸ್ಸು ಬದಲಿಸುತ್ತವೆ, ತಪ್ಪು ತಿಳಿಯುತ್ತವೆ. ಪಾತ್ರದ ಬಾಯಲ್ಲಿ ಬಂದದ್ದೆಲ್ಲ ನಿಯಮ ಅಂತ ನಾವು ಬರೆದುಕೊಂಡುಬಿಡುತ್ತೇವೆ.

ಎರಡು ಗಡಿಯಾರ

ಮೊದಲು ಒಂದು ಸಣ್ಣ ಕೆಲಸ. ಒಂದು ಹಾಳೆಯಲ್ಲಿ ಎರಡು ಗೆರೆ ಎಳೆಯಿರಿ. ಒಂದು ಕ್ಯಾಲೆಂಡರ್‌ನ ಗೆರೆ: 1954, 1974, 1977, 2004, 2007. ಇನ್ನೊಂದು ಒಬ್ಬ ಮನುಷ್ಯ ಬದುಕಿದ ಕ್ರಮದ ಗೆರೆ. ನನ್ನದು, ನಿಮ್ಮದು ಎರಡೂ ಜೊತೆಜೊತೆಗೇ ಹೋಗುತ್ತವೆ. ಕಥೆಯ ನಾಯಕ ಜ್ಯಾಕ್‌ನದು ಹಾಗಲ್ಲ. ಅವನ ವಿಮಾನ ಬಿದ್ದದ್ದು 2004ರಲ್ಲಿ. ದ್ವೀಪದಿಂದ ಪಾರಾಗಿ ಮನೆಗೆ ಹೋದ. 2007ರಲ್ಲಿ ಅಜಿರಾ 316 ವಿಮಾನ ಹತ್ತಿ ವಾಪಸ್ ಬಂದ. ಆ ವಿಮಾನದಿಂದ ಅವನು ಬಂದು ಬಿದ್ದದ್ದು 1977ಕ್ಕೆ. ಅಂದರೆ ಜ್ಯಾಕ್‌ನ ಬದುಕಿನಲ್ಲಿ 1977 ಬರುವುದು 2007ರ ನಂತರ.

ಇದು ಗೊತ್ತಾದರೆ ಅರ್ಧ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. 1977ರಲ್ಲಿ ಜ್ಯಾಕ್ ಸಾಯಬಹುದಾ? ಖಂಡಿತ. ಅದು ಅವನಿಗೆ ‘ಈಗ’. ಅದರ ಮುಂದಿನದ್ದು ಏನೂ ನಿಗದಿಯಾಗಿಲ್ಲ. 2004ರಲ್ಲಿ ವಿಮಾನದಿಂದ ಬಿದ್ದ ಜ್ಯಾಕ್‌ಗೆ ಅದರಿಂದ ಕೂದಲೂ ಕೊಂಕುವುದಿಲ್ಲ, ಏಕೆಂದರೆ ಆ ಜ್ಯಾಕ್ ಇವನ ಬದುಕಿನಲ್ಲಿ ಹಿಂದೆಯೇ ಆಗಿಹೋಗಿದ್ದಾನೆ. ಆದರೆ ಪುಟ್ಟ ಬೆನ್ 1977ರಲ್ಲಿ ಸಾಯಲಾರ. ಅವನು ದೊಡ್ಡವನಾದದ್ದನ್ನು ಇವರೆಲ್ಲ ಕಣ್ಣಾರೆ ಕಂಡಿದ್ದಾರೆ. ಇದನ್ನೇ ಮೈಲ್ಸ್ ಹರ್ಲಿಗೆ ಹೇಳುವುದು. ಹರ್ಲಿ ಒಂದು ಕ್ಷಣ ಯೋಚಿಸಿ ಒಂದು ಪ್ರಶ್ನೆ ಹಾಕುತ್ತಾನೆ: ಹಾಗಾದರೆ 2004ರಲ್ಲಿ ಸಯೀದ್ ಬೆನ್‌ನನ್ನು ಹಿಡಿದು ಹಿಂಸೆ ಕೊಟ್ಟನಲ್ಲ, ಚಿಕ್ಕಂದಿನಲ್ಲಿ ತನಗೆ ಗುಂಡು ಹೊಡೆದವನು ಇವನೇ ಅಂತ ಬೆನ್‌ಗೆ ಯಾಕೆ ನೆನಪಾಗಲಿಲ್ಲ? ಮೈಲ್ಸ್‌ನ ಬಾಯಿ ಕಟ್ಟುತ್ತದೆ. ತಾನು ಅದನ್ನು ಯೋಚಿಸಿರಲಿಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ಇಡೀ ಧಾರಾವಾಹಿಯಲ್ಲಿ ನನಗೆ ಇಷ್ಟವಾದ ಸಂಭಾಷಣೆಗಳಲ್ಲಿ ಇದೊಂದು. ಬರೆದವರು ನೋಡುವವರ ಕಡೆ ತಿರುಗಿ ಕಣ್ಣು ಮಿಟುಕಿಸಿದ ಹಾಗಿದೆ.

ಇವರು ಅಲ್ಲಿಗೆ ಹೇಗೆ ಬಂದರು ಅನ್ನುವುದನ್ನು ಬೇಗ ಮುಗಿಸುತ್ತೇನೆ. ನಾಲ್ಕನೇ ಸೀಸನ್ ಕೊನೆಯಲ್ಲಿ ಬೆನ್ ನೆಲದಡಿಯ ಹಿಮಗಟ್ಟಿದ ಚಕ್ರವೊಂದನ್ನು ತಿರುಗಿಸುತ್ತಾನೆ. ಅಲ್ಲೇ ಉಳಿದವರು ಕಾಲದಲ್ಲಿ ಹಿಂದೆ ಮುಂದೆ ಜಿಗಿಯಲು ಶುರುವಾಗುತ್ತದೆ. ಪ್ರತಿ ಜಿಗಿತಕ್ಕೂ ಕಣ್ಣು ಕೋರೈಸುವ ಬಿಳಿ ಬೆಳಕು. ಆಮೇಲೆ ಮೂಗಿನಿಂದ ರಕ್ತ. ಅವರಲ್ಲಿ ಶಾರ್ಲೆಟ್ ಎಂಬವಳು ಇದರಲ್ಲೇ ಸಾಯುತ್ತಾಳೆ. ಅವರಲ್ಲೇ ಇನ್ನೊಬ್ಬ, ಲಾಕ್, ಮತ್ತೆ ಚಕ್ರವನ್ನು ಸರಿಮಾಡಿದಾಗ ಜಿಗಿತ ನಿಲ್ಲುತ್ತದೆ, ನಿಂತದ್ದು 1974ರಲ್ಲಿ. ಸಾಯರ್, ಜೂಲಿಯೆಟ್, ಜಿನ್, ಮೈಲ್ಸ್ ಅಲ್ಲಿದ್ದ ‘ಧರ್ಮಾ’ ಎಂಬ ಸಂಶೋಧನಾ ತಂಡದಲ್ಲಿ ಸೇರಿ ಮೂರು ವರ್ಷ ಕೆಲಸ ಮಾಡಿಕೊಂಡು ಇರುತ್ತಾರೆ. ಆಮೇಲೆ ಜ್ಯಾಕ್, ಕೇಟ್, ಹರ್ಲಿ, ಸಯೀದ್ ಬಂದು ಸೇರುತ್ತಾರೆ.

ರಸ್ತೆ ಒಂದೇ

ನಿಯಮವನ್ನು ಹೇಳುವುದು ಡೇನಿಯಲ್ ಫ್ಯಾರಡೇ. ತೆಳ್ಳಗಿನ, ಸದಾ ಗಾಬರಿಯಲ್ಲಿರುವ ಭೌತವಿಜ್ಞಾನಿ. ಐದನೇ ಸೀಸನ್‌ನ ಮೊದಲ ಕಂತಿನಲ್ಲೇ ಅವನು ಕಾಲವನ್ನು ಒಂದು ರಸ್ತೆಗೆ ಹೋಲಿಸುತ್ತಾನೆ. ಅದರಲ್ಲಿ ಮುಂದೆ ಹೋಗಬಹುದು, ಹಿಂದೆ ಹೋಗಬಹುದು, ಹೊಸ ರಸ್ತೆ ಮಾಡಲಾಗದು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನಮ್ಮಲ್ಲಿ ಗಾದೆಯೇ ಇದೆ. ಫ್ಯಾರಡೇ ಅದಕ್ಕೆ ಒಂದು ಹೆಜ್ಜೆ ಸೇರಿಸುತ್ತಾನೆ: ಮಿಂಚಿ ಹೋದಲ್ಲಿಗೇ ನೀನು ಖುದ್ದಾಗಿ ಹೋದರೂ ಫಲವಿಲ್ಲ.

ಹಾಗಂತ ಹಿಂದೆ ಹೋದವರು ಅಲ್ಲಿ ಕೈಕಟ್ಟಿ ಕೂರಬೇಕು ಅಂತಲ್ಲ. ಅಲ್ಲಿ ಅವರು ಎಲ್ಲವನ್ನೂ ಮಾಡಬಹುದು. ಮಾಡಿದ್ದೆಲ್ಲ ಮೊದಲಿಂದಲೂ ಇತಿಹಾಸದ ಭಾಗವೇ ಆಗಿತ್ತು, ಅಷ್ಟೇ. ಸಯೀದ್ ಗುಂಡು ಹೊಡೆದದ್ದು ‘ಎರಡನೇ ಸಲದ’ 1977ರಲ್ಲಿ ಅಲ್ಲ. 1977 ಆಗಿದ್ದು ಒಂದೇ ಸಲ. ಅದರಲ್ಲಿ ಸಯೀದ್ ಇದ್ದ. ಇದು ಮನಸ್ಸಿಗೆ ಇಳಿಯಲು ಸ್ವಲ್ಪ ಹೊತ್ತು ಬೇಕು. ‘ಮೊದಲ ಸಲ ಸಯೀದ್ ಇರಲಿಲ್ಲ, ಆಮೇಲೆ ಬಂದ’ ಅಂತ ನಮ್ಮ ಬುದ್ಧಿ ಸುಮ್ನೆ ಒಂದು ಮೊದಲ ಸಲವನ್ನು ಹುಟ್ಟುಹಾಕುತ್ತದೆ. ಅಂಥದ್ದು ಯಾವುದೂ ಇಲ್ಲ.

ಈಗ ಗುಂಡು ತಗುಲಿದ ಹುಡುಗನ ಕಥೆ ನೋಡಿ. ಸಯೀದ್‌ನ ಉದ್ದೇಶ ಬೆನ್ ಎಂಬ ಕೇಡಿಗ ಬೆಳೆಯದಂತೆ ತಡೆಯುವುದು. ಹುಡುಗ ಸಾಯುವುದಿಲ್ಲ, ಆದರೆ ಪ್ರಾಣ ಹೋಗುವ ಸ್ಥಿತಿ. ಜ್ಯಾಕ್ ಡಾಕ್ಟರು, ಆದರೂ ಆಪರೇಷನ್ ಮಾಡಲು ಒಪ್ಪುವುದಿಲ್ಲ. ಬೇರೆ ದಾರಿಯಿಲ್ಲದೆ ಕೇಟ್ ಮತ್ತು ಸಾಯರ್ ಅವನನ್ನು ಕಾಡಿಗೆ ಒಯ್ದು ರಿಚರ್ಡ್ ಕೈಗೆ ಒಪ್ಪಿಸುತ್ತಾರೆ. ರಿಚರ್ಡ್ ‘ಅದರ್ಸ್’ ಗುಂಪಿನವನು, ದ್ವೀಪದ ಹಳೇ ಜನ. ಅವನು ಎಚ್ಚರಿಸುತ್ತಾನೆ: ನಾನು ಇವನನ್ನು ಒಳಗೆ ಕರೆದುಕೊಂಡು ಹೋದರೆ ಇವನು ಮೊದಲಿನ ಹುಡುಗ ಆಗಿರುವುದಿಲ್ಲ, ಮುಗ್ಧತೆ ಹೋಗುತ್ತದೆ, ನಡೆದದ್ದು ನೆನಪಿರುವುದಿಲ್ಲ, ಎಂದೆಂದಿಗೂ ನಮ್ಮವನಾಗುತ್ತಾನೆ. ಹರ್ಲಿಯ ಪ್ರಶ್ನೆಗೆ ಉತ್ತರ ಅದೇ ಕಂತಿನಲ್ಲಿ ಸಿಕ್ಕಿತು. ಜೊತೆಗೆ ಇನ್ನೊಂದು ದೊಡ್ಡ ಸಂಗತಿಯೂ. ಬೆನ್ ಎಂಬ ಕೇಡಿಗನನ್ನು ತಯಾರು ಮಾಡಿದ್ದೇ ಸಯೀದ್‌ನ ಗುಂಡು ಮತ್ತು ಜ್ಯಾಕ್‌ನ ಹಟ.

ಇದು ಕಥೆಗಾರರ ಚಮತ್ಕಾರ ಮಾತ್ರ ಅಂದುಕೊಂಡಿದ್ದೆ, ಬಿಲಿಯರ್ಡ್ಸ್ ಚೆಂಡಿನ ಕಥೆ ಓದುವವರೆಗೆ. 1980ರ ದಶಕದಲ್ಲಿ ರಷ್ಯಾದ ಭೌತವಿಜ್ಞಾನಿ ಇಗೋರ್ ನೊವಿಕೊವ್ ಒಂದು ತತ್ವ ಮುಂದಿಟ್ಟರು. ಹಿಂದಕ್ಕೆ ಹೋಗುವ ದಾರಿ ಇದ್ದರೂ ಅಲ್ಲಿ ನಡೆಯುವುದೆಲ್ಲ ಒಂದಕ್ಕೊಂದು ಹೊಂದಿಕೊಂಡೇ ಇರಬೇಕು, ವಿರೋಧ ಬರುವಂಥದ್ದು ನಡೆಯಲಾರದು ಅಂತ. 1988ರಲ್ಲಿ ಅಮೆರಿಕದ ಕಿಪ್ ಥಾರ್ನ್ ಮತ್ತು ಅವರ ಸಂಗಡಿಗರು ವರ್ಮ್‌ಹೋಲ್ ಎಂಬ ಸುರಂಗವನ್ನು ಟೈಮ್ ಮೆಷಿನ್ ಮಾಡಬಹುದೇ ಅಂತ ಲೆಕ್ಕ ಹಾಕಿದರು. ಆಗ ಜೋಸೆಫ್ ಪೋಲ್ಚಿನ್ಸ್ಕಿ ಒಂದು ತಕರಾರು ತೆಗೆದರು. ಬಿಲಿಯರ್ಡ್ಸ್ ಚೆಂಡೊಂದು ಸುರಂಗದ ಈ ಬಾಯಿಗೆ ಹೋಗುತ್ತದೆ. ಆ ಬಾಯಿಂದ ಸ್ವಲ್ಪ ಹೊತ್ತಿನ ‘ಮುಂಚೆ’ ಹೊರಬರುತ್ತದೆ. ಬಂದು, ಇನ್ನೂ ಸುರಂಗ ಸೇರದ ತನಗೇ ಬಡಿದು ದಾರಿ ತಪ್ಪಿಸುತ್ತದೆ. ದಾರಿ ತಪ್ಪಿದ ಚೆಂಡು ಸುರಂಗ ಸೇರಲಿಲ್ಲ. ಸೇರದಿದ್ದರೆ ಹೊರಬಂದು ಬಡಿದದ್ದು ಯಾವುದು? ಚೆಂಡಿಗೆ ಮನಸ್ಸಿಲ್ಲ, ಹಟ ಇಲ್ಲ. ಕೊನೇ ಗಳಿಗೆಯಲ್ಲಿ ಕೈ ನಡುಗಿತು ಅಂತ ನೆಪ ಹೇಳುವ ಹಾಗೂ ಇಲ್ಲ.

ಥಾರ್ನ್ ಅವರ ವಿದ್ಯಾರ್ಥಿಗಳಾದ ಎಚೆವೆರಿಯಾ ಮತ್ತು ಕ್ಲಿಂಕ್‌ಹ್ಯಾಮರ್ ಇದಕ್ಕೆ ಉತ್ತರ ಹುಡುಕಿದರು. ಹೊರಬಂದ ಚೆಂಡು ನೇರವಾಗಿ ಬಡಿಯದೆ ಓರೆಯಾಗಿ ಸವರಿಕೊಂಡು ಹೋದರೆ? ಆ ಸವರಿನಿಂದ ಮೊದಲ ಚೆಂಡು ಸ್ವಲ್ಪವೇ ವಾಲುತ್ತದೆ, ಆದರೂ ಸುರಂಗ ಸೇರುತ್ತದೆ. ವಾಲಿದ ದಾರಿಯಲ್ಲಿ ಸೇರಿದ್ದರಿಂದ ವಾಲಿದ ದಾರಿಯಲ್ಲೇ ಹೊರಬರುತ್ತದೆ. ವಾಲಿ ಬಂದದ್ದರಿಂದಲೇ ನೇರ ಬಡಿಯದೆ ಸವರುತ್ತದೆ. ಎಲ್ಲ ಸರಿಹೋಯಿತು! ಈಗ ಚೆಂಡಿನ ಜಾಗದಲ್ಲಿ ಸಯೀದ್‌ನ ಗುಂಡನ್ನು ಇಟ್ಟು ನೋಡಿ. ಕೊಲ್ಲಬೇಕಾದ ಏಟು ಕೊಲ್ಲಲಿಲ್ಲ, ಸವರಿತು. ಸವರಿದ್ದರಿಂದಲೇ ಬೆನ್ ವಾಲಿದ. ವಾಲಿದ ಬೆನ್‌ನಿಂದಲೇ ಮುಂದೆ ಸಯೀದ್ ಬಂದೂಕು ಹಿಡಿಯುವ ಮನುಷ್ಯನಾದ.

ಸಾವನ್ನು ಮುಂದೂಡಿದ್ದು

ಇಲ್ಲಿ ಎರಡನೇ ಗುಂಪಿನವರು ಎದ್ದು ನಿಲ್ಲುತ್ತಾರೆ. ಮೂರನೇ ಸೀಸನ್‌ನ ಡೆಸ್ಮಂಡ್ ಕಥೆಯೇ ಅವರ ಆಧಾರ. ದ್ವೀಪದಲ್ಲಿ ‘ಹ್ಯಾಚ್’ ಎಂಬ ನೆಲದಡಿಯ ನಿಲ್ದಾಣದಲ್ಲಿ ಡೆಸ್ಮಂಡ್ ಕೀಲಿ ತಿರುಗಿಸಿ, ಅದು ಸ್ಫೋಟವಾಗಿ, ಅವನ ಮನಸ್ಸು 1996ರ ಲಂಡನ್‌ಗೆ ಹೋಗಿಬಿಡುತ್ತದೆ. ಅಲ್ಲಿ ಒಡವೆ ಅಂಗಡಿಯ ಹೆಂಗಸೊಬ್ಬಳು, ಮಿಸೆಸ್ ಹಾಕಿಂಗ್, ಕೆಂಪು ಶೂ ಹಾಕಿದ ಒಬ್ಬನನ್ನು ತೋರಿಸುತ್ತಾಳೆ. ನೋಡುತ್ತಿದ್ದಂತೆ ಕಟ್ಟಡದ ಸಾರುವೆ ಕುಸಿದು ಅವನು ಸಾಯುತ್ತಾನೆ. ಗೊತ್ತಿದ್ದೂ ಯಾಕೆ ಉಳಿಸಲಿಲ್ಲ? ಉಳಿಸಿದ್ದರೆ ನಾಳೆ ಟ್ಯಾಕ್ಸಿ ಗುದ್ದುತ್ತಿತ್ತು, ಅದೂ ತಪ್ಪಿದರೆ ನಾಡಿದ್ದು ಸ್ನಾನದ ಮನೆಯಲ್ಲಿ ಜಾರಿ ಬೀಳುತ್ತಿದ್ದ, ಜಗತ್ತು ತನ್ನ ದಾರಿಯನ್ನು ತಾನೇ ಸರಿಮಾಡಿಕೊಳ್ಳುತ್ತದೆ ಅನ್ನುವುದು ಅವಳ ಮಾತು. ಹಣೆಬರಹ ಅಂತ ನಾವು ಒಂದೇ ಪದದಲ್ಲಿ ಮುಗಿಸುವುದನ್ನು ಅವಳು ಸುತ್ತಿ ಬಳಸಿ ಹೇಳುತ್ತಾಳೆ.

ವಾಪಸ್ ಬಂದ ಮೇಲೆ ಡೆಸ್ಮಂಡ್‌ಗೆ ಗೆಳೆಯ ಚಾರ್ಲಿಯ ಸಾವು ಮತ್ತೆ ಮತ್ತೆ ಕಾಣುತ್ತದೆ. ಸಿಡಿಲಿನಿಂದ ಉಳಿಸುತ್ತಾನೆ. ನೀರಿನಿಂದ ಉಳಿಸುತ್ತಾನೆ. ಗಂಟಲಿಗೆ ಬರುವ ಬಾಣದಿಂದ ಉಳಿಸುತ್ತಾನೆ. ಕೊನೆಗೆ ಮೂರನೇ ಸೀಸನ್ ಕೊನೆಯಲ್ಲಿ ಚಾರ್ಲಿ ನೀರಿನಲ್ಲೇ ಸಾಯುತ್ತಾನೆ. ಹಾಗಾದರೆ ಬದಲಾವಣೆ ಸಾಧ್ಯ ಅಲ್ವಾ, ತಾತ್ಕಾಲಿಕವಾಗಿಯಾದರೂ?

ಈ ವಾದದಲ್ಲಿ ಒಂದು ಸಣ್ಣ ಕಳ್ಳಗಂಟಿದೆ. ಚಾರ್ಲಿಯ ವಿಷಯದಲ್ಲಿ ಯಾರೂ ಹಿಂದಕ್ಕೆ ಹೋಗಿಲ್ಲ. ಡೆಸ್ಮಂಡ್ ನಿಂತಿರುವುದು ತನ್ನ ‘ಈಗ’ದಲ್ಲೇ, ನೋಡುತ್ತಿರುವುದು ಮುಂದಿನದನ್ನು. ಆ ಬಾಣ ಚಾರ್ಲಿಗೆ ತಗುಲಿದ್ದು ಎಂದೂ ನಡೆದೇ ಇಲ್ಲ. ನಡೆಯದೇ ಇದ್ದದ್ದನ್ನು ತಪ್ಪಿಸಿದರೆ ಹಿಂದಿನದು ಬದಲಾದಂತಲ್ಲ. ಒಂದೇ ರಸ್ತೆಯ ನಿಯಮ ಹೇಳುವುದು ಆಗಿಹೋದದ್ದರ ಬಗ್ಗೆ. ಹಾಗಾಗಿ ಎರಡು ನಿಯಮಗಳು ಪರಸ್ಪರ ಹೊಡೆದಾಡುತ್ತವೆ ಅನ್ನುವ ಥಿಯರಿ ನನಗೆ ಒಪ್ಪಿಗೆಯಿಲ್ಲ. ಮಿಸೆಸ್ ಹಾಕಿಂಗ್ ಹೇಳಿದ್ದು ಭೌತವಿಜ್ಞಾನವೂ ಅಲ್ಲ. ಆ ಅಮ್ಮನಿಗೆ ಡೆಸ್ಮಂಡ್ ದ್ವೀಪಕ್ಕೆ ಹೋಗಲೇಬೇಕಿತ್ತು. ಅದಕ್ಕೆ ಬೇಕಾದಷ್ಟು ಹೆದರಿಸಿದಳು.

ಹುಟ್ಟೇ ಇಲ್ಲದ ದಿಕ್ಸೂಚಿ

ಅಭಿಮಾನಿಗಳು ಅತಿ ಹೆಚ್ಚು ಕಚ್ಚಾಡಿದ ವಸ್ತುಗಳಲ್ಲಿ ಒಂದು ಪುಟ್ಟ ದಿಕ್ಸೂಚಿಯೂ ಸೇರಿದೆ. 2007ರಲ್ಲಿ ರಿಚರ್ಡ್ ಅದನ್ನು ಲಾಕ್‌ಗೆ ಕೊಡುತ್ತಾನೆ. ಮುಂದಿನ ಸಲ ಸಿಕ್ಕಾಗ ನನಗೆ ನಿನ್ನ ಗುರುತು ಹತ್ತುವುದಿಲ್ಲ, ಆಗ ಇದನ್ನು ವಾಪಸ್ ಕೊಡು ಅನ್ನುತ್ತಾನೆ. ಬಿಳಿ ಬೆಳಕು. ಲಾಕ್ 1954ಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿನ ರಿಚರ್ಡ್‌ಗೆ ದಿಕ್ಸೂಚಿ ಕೊಡುತ್ತಾನೆ. ರಿಚರ್ಡ್‌ಗೆ ವಯಸ್ಸಾಗುವುದಿಲ್ಲ, ಅವನು ಅದನ್ನು 2007ರವರೆಗೆ ಇಟ್ಟುಕೊಂಡು ಮತ್ತೆ ಲಾಕ್‌ಗೆ ಕೊಡುತ್ತಾನೆ. ಸರಿ, ಅದನ್ನು ಮಾಡಿದ್ದು ಯಾರು? ಯಾರೂ ಇಲ್ಲ. ಬೀಜ ಮೊದಲೋ ಮರ ಮೊದಲೋ ಅಂತ ಕೇಳಿದ ಹಾಗೆ.

ನೊವಿಕೊವ್ ಇಂಥ ವಸ್ತುಗಳಿಗೆ ‘ಜಿನ್’ ಅಂತ ಹೆಸರು ಕೊಟ್ಟರು. (ನಮ್ಮ ಧಾರಾವಾಹಿಯ ಜಿನ್ ಅಲ್ಲ, ದೀಪ ಉಜ್ಜಿದರೆ ಏಳುತ್ತಾನಲ್ಲ, ಆ ಜಿನ್.) ಅಂಥ ವಸ್ತುವಿಗೆ ಒಂದು ತೊಡಕಿದೆ. 53 ವರ್ಷ ಜೇಬಿನಲ್ಲಿದ್ದ ದಿಕ್ಸೂಚಿ ಸವೆಯುತ್ತದೆ, ಮಸುಕಾಗುತ್ತದೆ. ಆದರೆ 1954ರಲ್ಲಿ ಕೊಟ್ಟದ್ದೂ 2007ರಲ್ಲಿ ಕೊಟ್ಟದ್ದೂ ಒಂದೇ ಆಗಬೇಕಾದರೆ ಸವೆತ ಒಂದಿಷ್ಟೂ ಇರಕೂಡದು. ಪ್ರತಿ ಸುತ್ತಿನಲ್ಲೂ ಯಾರೋ ಅದನ್ನು ಹೊಸದರಂತೆ ಮಾಡಿಕೊಡಬೇಕು. ರಿಚರ್ಡ್ ಅದನ್ನು ಉಜ್ಜಿ, ಮುಳ್ಳು ಬದಲಿಸಿ ಇಟ್ಟುಕೊಂಡಿದ್ದ ಅಂತ ಬೇಕಾದರೆ ಊಹಿಸಿಕೊಳ್ಳಿ. ಪರದೆಯ ಮೇಲಂತೂ ಅದು ಕಾಣುವುದಿಲ್ಲ.

ಮಾತು ಅಥವಾ ಮಾಹಿತಿ ಸುತ್ತು ಹಾಕಿದರೆ ಈ ಗೋಜಿಲ್ಲ, ಮಾಹಿತಿ ಸವೆಯುವುದಿಲ್ಲ. ನಾಲ್ಕನೇ ಸೀಸನ್‌ನಲ್ಲಿ, 2008ರ ಫೆಬ್ರವರಿಯಲ್ಲಿ ಬಂದ ‘ದ ಕಾನ್‌ಸ್ಟಂಟ್’ ಕಂತಿನಲ್ಲಿ ಅದರ ಉದಾಹರಣೆ ಇದೆ. 2004ರ ಫ್ಯಾರಡೇ ಫೋನಿನಲ್ಲಿ ಡೆಸ್ಮಂಡ್‌ಗೆ ಎರಡು ಸಂಖ್ಯೆ ಹೇಳುತ್ತಾನೆ: 2.342 ಮತ್ತು 11 ಹರ್ಟ್ಸ್. ಡೆಸ್ಮಂಡ್‌ನ ಮನಸ್ಸು 1996ಕ್ಕೆ ಜಿಗಿದು, ಆಕ್ಸ್‌ಫರ್ಡ್‌ನಲ್ಲಿರುವ ಎಳೆಯ ಫ್ಯಾರಡೇಗೆ ಅವೇ ಸಂಖ್ಯೆ ಒಪ್ಪಿಸುತ್ತದೆ. ಅವನ ಯಂತ್ರ ಸರಿಯಾಗಿ ಕೆಲಸ ಮಾಡುವುದು ಆಮೇಲೆ. ಹಾಗಾದರೆ ಆ ಸಂಖ್ಯೆಗಳನ್ನು ಕಂಡುಹಿಡಿದವರು ಯಾರು? ಇಲ್ಲೂ ಯಾರೂ ಇಲ್ಲ. ಒಬ್ಬ ವಿಜ್ಞಾನಿ ತನ್ನ ಮೇಲಿಂದ ತಾನೇ ಕಾಪಿ ಹೊಡೆದ, ಮೂಲ ಪ್ರತಿಯೇ ಇಲ್ಲದೆ.

ಡೆಸ್ಮಂಡ್ ಎಂಬ ಸೋರುವ ಜಾಗ

ಒಂದೇ ರಸ್ತೆಯ ಥಿಯರಿಗೆ ನಿಜವಾದ ಸವಾಲು ಎಂದರೆ ಡೆಸ್ಮಂಡೇ. ಉಳಿದವರು ದೇಹ ಸಮೇತ ಜಿಗಿಯುತ್ತಾರೆ. ಇವನ ಮನಸ್ಸು ಮಾತ್ರ ಹೋಗುತ್ತದೆ. ‘ದ ಕಾನ್‌ಸ್ಟಂಟ್’ನಲ್ಲಿ ಅದು 1996ಕ್ಕೂ 2004ಕ್ಕೂ ನಡುವೆ ಲೋಲಕದಂತೆ ಆಡುತ್ತಿರುತ್ತದೆ. ಎರಡೂ ಕಾಲದಲ್ಲಿ ಇರುವ, ತನಗೆ ಪ್ರಾಣವಾದ ಒಂದನ್ನು ಹಿಡಿದುಕೊಂಡರೆ ಮಾತ್ರ ಅದು ನಿಲ್ಲುತ್ತದೆ. ಡೆಸ್ಮಂಡ್‌ಗೆ ಅದು ಅವನ ಪ್ರೇಯಸಿ ಪೆನ್ನಿ. 1996ರಲ್ಲಿ ಅವಳ ಫೋನ್ ನಂಬರ್ ಪಡೆದು, ಎಂಟು ವರ್ಷ ಆದಮೇಲೆ ಕ್ರಿಸ್‌ಮಸ್ ಹಿಂದಿನ ದಿನ ಮಾಡುತ್ತೇನೆ ಅನ್ನುತ್ತಾನೆ. 2004ರ ಡಿಸೆಂಬರ್ 24ರಂದು ಹಡಗಿನಿಂದ ಫೋನ್ ಮಾಡುತ್ತಾನೆ. ಅವಳು ಎತ್ತುತ್ತಾಳೆ. ಲೆಕ್ಕ ಗಿಕ್ಕ ಎಲ್ಲ ಮರೆತು ಕೂರಿಸುವ ದೃಶ್ಯ ಅದು.

ತಕರಾರು ಬರುವುದು ಐದನೇ ಸೀಸನ್‌ನಲ್ಲಿ. ಕಾಲದಲ್ಲಿ ಜಿಗಿಯುತ್ತಿರುವ ಫ್ಯಾರಡೇ, ಡೆಸ್ಮಂಡ್ ಇನ್ನೂ ಹ್ಯಾಚ್ ಒಳಗಿರುವ ವರ್ಷಗಳಿಗೆ ಬಂದು ಬಾಗಿಲು ಬಡಿಯುತ್ತಾನೆ. ನಿಯಮ ನಿನಗೆ ಅನ್ವಯಿಸುವುದಿಲ್ಲ, ನೀನು ವಿಶೇಷ, ಆಕ್ಸ್‌ಫರ್ಡ್‌ಗೆ ಹೋಗಿ ನನ್ನ ತಾಯಿಯನ್ನು ಹುಡುಕು ಅನ್ನುತ್ತಾನೆ. ಅಲ್ಲಿಂದ ದೃಶ್ಯ ಕತ್ತರಿಸಿ 2007ಕ್ಕೆ ಬರುತ್ತದೆ. ದ್ವೀಪ ಬಿಟ್ಟು ಮೂರು ವರ್ಷವಾದ ಡೆಸ್ಮಂಡ್, ಪೆನ್ನಿಯ ಪಕ್ಕದಲ್ಲಿ ಮಲಗಿದ್ದವನು ಧಡಕ್ಕನೆ ಎದ್ದು ಕೂರುತ್ತಾನೆ. ಕಂಡದ್ದು ಕನಸಲ್ಲ, ನೆನಪು ಅನ್ನುತ್ತಾನೆ. ನೆನಪಾದರೆ ಇಷ್ಟು ದಿನ ಎಲ್ಲಿತ್ತು? ಹಿಂದಿನದು ಈಗಷ್ಟೇ ಬದಲಾಗಿ ಹೊಸ ನೆನಪು ಬಂದು ಸೇರಿತು ಅನ್ನುವುದು ಒಂದು ಥಿಯರಿ. ಬಾಗಿಲು ಬಡಿದದ್ದು ಮೊದಲಿಂದಲೂ ನಡೆದಿತ್ತು, ಡೆಸ್ಮಂಡ್‌ಗೆ ಮರೆತಿತ್ತು, ಈಗ ನೆನಪಾಯಿತು ಅನ್ನುವುದು ಇನ್ನೊಂದು.

ಮೊದಲ ಥಿಯರಿ ಕೇಳಲು ಚೆಂದ. ಆದರೆ ಅದನ್ನು ಒಪ್ಪಿದರೆ, ಬದಲಾವಣೆ ‘ಈಗಷ್ಟೇ’ ಆಯಿತು ಅನ್ನಲು ಎರಡು ಕಾಲಗಳ ಹೊರಗೆ ನಿಂತ ಮೂರನೇ ಗಡಿಯಾರವೊಂದು ಬೇಕು. ಅದು ಎಲ್ಲಿದೆ? ಹಾಗಾಗಿ ನನ್ನ ವೋಟು ಎರಡನೆಯದಕ್ಕೆ. ಗಮನಿಸಿ ನೋಡಿದರೆ ಈ ಧಾರಾವಾಹಿಯ ಕೊಂಡಿಗಳನ್ನೆಲ್ಲ ಹಿಡಿದಿಟ್ಟಿರುವ ಅಂಟು ಮರೆವೇ. ಬೆನ್ ಮರೆತ. ಡೆಸ್ಮಂಡ್ ಮರೆತ. ತನ್ನ ಮೇಲೇ ಪ್ರಯೋಗ ಮಾಡಿಕೊಂಡ ಫ್ಯಾರಡೇಗೆ ನೆನಪಿನ ಕಾಯಿಲೆಯೇ ಇದೆ. ಏನಾದರೂ ಕೆಟ್ಟರೆ ಡೆಸ್ಮಂಡ್‌ನನ್ನೇ ಹಿಡಿದುಕೊಳ್ಳುತ್ತೇನೆ ಎಂದು ತನ್ನ ಡೈರಿಯಲ್ಲಿ ತಾನೇ ಬರೆದಿದ್ದು, ಹಾಳೆ ತಿರುವಿದಾಗ ಅವನಿಗೇ ಆಶ್ಚರ್ಯ. ಬರೆಯುವವರಿಗೆ ಬಹಳ ಅನುಕೂಲವಾದ ಕಾಯಿಲೆ ಅಂತ ನೀವು ನಕ್ಕರೆ ನಾನು ಎದುರಾಡುವುದಿಲ್ಲ.

ಬಾಂಬ್

ಇಷ್ಟೆಲ್ಲ ಹೇಳಿದ ಫ್ಯಾರಡೇಯೇ ನೂರನೇ ಕಂತಿನಲ್ಲಿ, 2009ರ ಏಪ್ರಿಲ್‌ನಲ್ಲಿ, ಉಲ್ಟಾ ಹೊಡೆಯುತ್ತಾನೆ. ಲೆಕ್ಕದಲ್ಲಿ ಬದಲಾಗದ ಸಂಖ್ಯೆಗಳ ಮೇಲೇ ಕಣ್ಣಿಟ್ಟೆ, ಬದಲಾಗುವವು ಇವೆ ಅನ್ನುವುದನ್ನು ಮರೆತೆ, ಅವು ನಾವೇ, ಮನುಷ್ಯರು ಅನ್ನುತ್ತಾನೆ. ಅವನ ಯೋಜನೆ ಹೀಗಿದೆ. ಧರ್ಮಾದವರು ನೆಲ ಕೊರೆಯುತ್ತಿರುವ ಜಾಗದಲ್ಲಿ ಭಾರೀ ಕಾಂತಶಕ್ತಿ ಅಡಗಿದೆ. ಇನ್ನು ಕೆಲವೇ ಗಂಟೆಯಲ್ಲಿ ಅಲ್ಲಿ ಅಪಘಾತವಾಗಲಿದೆ. ಅದನ್ನು ಹಿಡಿದಿಡಲು ಹ್ಯಾಚ್ ಕಟ್ಟುತ್ತಾರೆ, 108 ನಿಮಿಷಕ್ಕೊಮ್ಮೆ ಗುಂಡಿ ಒತ್ತುವ ವ್ಯವಸ್ಥೆ ಮಾಡುತ್ತಾರೆ. 2004ರಲ್ಲಿ ಡೆಸ್ಮಂಡ್ ಒಂದು ದಿನ ಗುಂಡಿ ಒತ್ತಲು ತಡಮಾಡಿದ್ದರಿಂದಲೇ ಓಶಿಯಾನಿಕ್ 815 ಬಿದ್ದದ್ದು. 1954ರಿಂದ ದ್ವೀಪದಲ್ಲಿರುವ ಹೈಡ್ರೋಜನ್ ಬಾಂಬ್‌ನಿಂದ ಆ ಶಕ್ತಿಯನ್ನೇ ಅಳಿಸಿದರೆ ಹ್ಯಾಚ್ ಇಲ್ಲ, ಗುಂಡಿ ಇಲ್ಲ, ವಿಮಾನ ಬೀಳುವುದಿಲ್ಲ.

ಇದನ್ನು ಹೇಳಿ ಸ್ವಲ್ಪ ಹೊತ್ತಿಗೇ ಅವನು ಗುಂಡೇಟಿಗೆ ಸಾಯುತ್ತಾನೆ. ಹೊಡೆದವಳು ಅದರ್ಸ್ ಗುಂಪಿನ ಎಳೆ ವಯಸ್ಸಿನ ಎಲೊಯಿಸ್. ಅವನ ತಾಯಿ! ಆಗ ಅವನು ಇನ್ನೂ ಅವಳ ಹೊಟ್ಟೆಯಲ್ಲಿದ್ದಾನೆ. ಮುಂದೆ ಮಿಸೆಸ್ ಹಾಕಿಂಗ್ ಆಗುವವಳು ಇವಳೇ. ಮಗ ಹೀಗೆ ಸಾಯುತ್ತಾನೆ ಅಂತ ಗೊತ್ತಿದ್ದೂ ಅವನನ್ನು ದ್ವೀಪಕ್ಕೆ ಕಳಿಸುತ್ತಾಳೆ. ಅವಳಿಗೆ ಎಲ್ಲ ಹೇಗೆ ಗೊತ್ತಿತ್ತು ಅನ್ನುವ ಹಳೇ ಪ್ರಶ್ನೆಗೂ ಇಲ್ಲೇ ದಾರಿ ಸಿಗುತ್ತದೆ. ಸತ್ತ ಮಗನ ಡೈರಿ 1977ರಲ್ಲೇ ಅವಳ ಕೈ ಸೇರಿತ್ತು. 2007ರಲ್ಲಿ ಅವಳು ಡೆಸ್ಮಂಡ್ ದಾಖಲಾದ ಆಸ್ಪತ್ರೆಗೆ ಬಂದು, ಮುಂದೇನಾಗುತ್ತದೋ ತನಗೆ ಗೊತ್ತಿಲ್ಲ, ಇಂಥದ್ದು ಬಹಳ ಕಾಲದ ಮೇಲೆ ಮೊದಲ ಸಲ ಎಂಬರ್ಥದ ಮಾತಾಡುತ್ತಾಳೆ. ಡೈರಿಯ ಹಾಳೆಗಳು ಮುಗಿದಿದ್ದವು ಅನ್ನುವುದು ಅಭಿಮಾನಿಗಳ ಥಿಯರಿ. ನನಗಂತೂ ಬಹಳ ಹಿಡಿಸಿದ್ದು.

ಫ್ಯಾರಡೇ ಸತ್ತರೂ ಜ್ಯಾಕ್ ಯೋಜನೆ ಬಿಡುವುದಿಲ್ಲ. ಮೈಲ್ಸ್ ಮತ್ತೊಮ್ಮೆ ಸರಿಯಾದ ಜಾಗಕ್ಕೆ ಬೆರಳಿಡುತ್ತಾನೆ: ತಡೆಯಬೇಕು ಅಂತ ಹೊರಟಿರುವ ಅಪಘಾತವೇ ಈ ಬಾಂಬ್ ಆಗಿದ್ದರೆ? ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೊರೆಯುವ ಯಂತ್ರ ಕಾಂತಶಕ್ತಿಯನ್ನು ಮುಟ್ಟುತ್ತದೆ, ಸುತ್ತಲಿನ ಕಬ್ಬಿಣವೆಲ್ಲ ಕೊರೆದ ಹೊಂಡದ ಕಡೆ ಹಾರುತ್ತದೆ. ಧರ್ಮಾದ ಡಾಕ್ಟರ್ ಪಿಯರ್ ಚಾಂಗ್‌ನ ಕೈ ಲೋಹದ ಕೆಳಗೆ ಸಿಕ್ಕಿ ಜಜ್ಜಿಹೋಗುತ್ತದೆ. ಹೊಂಡಕ್ಕೆ ಬಿದ್ದ ಜೂಲಿಯೆಟ್ ಕಲ್ಲಿನಿಂದ ಬಾಂಬ್‌ಗೆ ಬಡಿಯುತ್ತಾಳೆ. ಪರದೆ ಬೆಳ್ಳಗಾಗುತ್ತದೆ.

ಆ ಕೈಯ ಬಗ್ಗೆ ಒಂದು ಮಾತು. ಎರಡನೇ ಸೀಸನ್‌ನಲ್ಲಿ, 2005ರಲ್ಲಿ, ಹ್ಯಾಚ್ ಒಳಗೆ ಒಂದು ಹಳೇ ತರಬೇತಿ ಫಿಲ್ಮ್ ತೋರಿಸುತ್ತಾರೆ. ಅದರ ಮೇಲಿನ ಇಸವಿ 1980. ಅದರಲ್ಲಿ ಮಾತಾಡುವವನು ಇದೇ ಚಾಂಗ್, ಬೇರೆ ಹೆಸರಿನಲ್ಲಿ. ಹಿಂದೆ ಒಂದು ಅವಘಡ ಆಯಿತು, ಹಾಗಾಗಿ ಗುಂಡಿ ಒತ್ತುತ್ತಿರಿ ಅನ್ನುತ್ತಾನೆ. ಮಾತಾಡುವಾಗ ಅವನ ಎಡಗೈ ಅಲ್ಲಾಡುವುದೇ ಇಲ್ಲ. ಅದು ಕೃತಕ ಕೈ ಇರಬೇಕು ಅಂತ ಕಣ್ಣು ಚುರುಕಿದ್ದವರು ಆಗಲೇ ಹೇಳಿದ್ದರು. ಆ ಕೈ ಹೋದದ್ದು ಹೇಗೆ ಅಂತ ನೋಡಲು ನಾಲ್ಕು ವರ್ಷ ಕಾಯಬೇಕಾಯಿತು.

ಹಾಗಾದರೆ ಬಾಂಬ್ ಇತಿಹಾಸ ಬದಲಿಸಿತಾ? ಆರನೇ ಸೀಸನ್ ಶುರುವಾದಾಗ ಹೌದು ಅನಿಸುವಂತೆ ಮಾಡಿದರು. ಒಂದು ಕಡೆ ಓಶಿಯಾನಿಕ್ 815 ಬೀಳದೆ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತದೆ. ಇನ್ನೊಂದು ಕಡೆ ಅದೇ ಜನ ದ್ವೀಪದಲ್ಲಿ, 2007ರಲ್ಲಿ ಎಚ್ಚರಗೊಳ್ಳುತ್ತಾರೆ. ಕವಲು ಥಿಯರಿಯವರಿಗೆ ಹಬ್ಬ. 1957ರಲ್ಲಿ ಹ್ಯೂ ಎವರೆಟ್ ಹೇಳಿದ ಹಲವು ಜಗತ್ತುಗಳ ಕಲ್ಪನೆ, 1991ರಲ್ಲಿ ಡೇವಿಡ್ ಡಾಯ್ಚ್ ಅದನ್ನು ಕಾಲಯಾನಕ್ಕೆ ಹೊಂದಿಸಿದ ರೀತಿ, ಎಲ್ಲ ಇಲ್ಲಿಗೆ ಒಪ್ಪುವಂತೆ ಕಂಡಿತು. ಸಾಯುವಾಗ ಜೂಲಿಯೆಟ್ ಹೇಳಬೇಕೆಂದಿದ್ದದ್ದು ಅದು ಕೆಲಸ ಮಾಡಿತು ಅಂತ, ಎಂದು ಸತ್ತವರ ಮನಸ್ಸಿನ ಮಾತು ಕೇಳಬಲ್ಲ ಮೈಲ್ಸ್ ಕೂಡ ಅಂದನಲ್ಲ! ಕೊನೇ ಕಂತಿನಲ್ಲಿ ಗುಟ್ಟು ಬಿಚ್ಚಿತು. ವಿಮಾನ ಇಳಿದ ಆ ಲೋಕ ಇನ್ನೊಂದು ಕಾಲವೇ ಅಲ್ಲ, ಇವರೆಲ್ಲ ಸತ್ತ ಮೇಲೆ ಒಬ್ಬರನ್ನೊಬ್ಬರು ಕಂಡುಕೊಳ್ಳಲು ಸೇರಿದ ಜಾಗ. ಜೂಲಿಯೆಟ್‌ನ ಆ ಮಾತು ಅಲ್ಲಿನ, ದುಡ್ಡು ಹಾಕಿದರೆ ತಿಂಡಿ ಕೊಡುವ ಒಂದು ಯಂತ್ರದ ಬಗ್ಗೆ.

ಆದರೆ ಕೊನೇ ಕಂತಿನವರೆಗೆ ಕಾಯುವ ಅಗತ್ಯವೇ ಇರಲಿಲ್ಲ. ಆರನೇ ಸೀಸನ್‌ನ ಮೊದಲ ಕಂತಿನಲ್ಲೇ ಸಾಕ್ಷಿ ಬಿದ್ದಿತ್ತು. ಜ್ಯಾಕ್ ಮತ್ತು ಉಳಿದವರು ಎಚ್ಚರಗೊಳ್ಳುವುದು ಒಂದು ದೊಡ್ಡ ಹೊಂಡದ ಬಳಿ. ಅದು ಡೆಸ್ಮಂಡ್ ಕೀಲಿ ತಿರುಗಿಸಿದಾಗ ಕುಸಿದ ಹ್ಯಾಚ್. ಹ್ಯಾಚ್ ಕಟ್ಟಲಾಗಿತ್ತು ಅಂದಮೇಲೆ ಬಾಂಬ್ ಏನನ್ನೂ ತಡೆದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಇವರು ಸಿಡಿಸಿದ ಬಾಂಬೂ ಆ ಅವಘಡದಲ್ಲಿ ಸೇರಿತ್ತು. ಅವಘಡದಿಂದ ಹ್ಯಾಚ್, ಹ್ಯಾಚ್‌ನಿಂದ ಗುಂಡಿ, ಗುಂಡಿ ತಪ್ಪಿದ್ದರಿಂದ ವಿಮಾನ. ತಮ್ಮ ವಿಮಾನವನ್ನು ತಾವೇ ಉರುಳಿಸಿಕೊಂಡವರು ಇವರು, ಅದು ಬೀಳಬಾರದು ಅಂತ ಪ್ರಾಣ ಪಣಕ್ಕಿಟ್ಟು.

ಎಲ್ಲ ಕೊಂಡಿಯೂ ಹೀಗೆ ಕಚ್ಚಿಕೊಳ್ಳುತ್ತದೆ ಅಂದರೆ ಸುಳ್ಳಾಗುತ್ತದೆ. ಜಿಗಿತದ ದಿನಗಳಲ್ಲಿ ಜಿನ್ 1988ಕ್ಕೆ ಹೋಗಿ ಬೀಳುತ್ತಾನೆ. ಅವನನ್ನು ಸಮುದ್ರದಿಂದ ಎತ್ತಿ ಉಳಿಸುವುದು ಫ್ರಾನ್ಸಿನ ಒಂದು ತಂಡ. ಅದರಲ್ಲಿ ರೂಸೋ ಎಂಬ ಗರ್ಭಿಣಿ ಇರುತ್ತಾಳೆ. ಜಿನ್ ಅವಳೊಂದಿಗೆ ಕಾಡಲ್ಲಿ ಅಲೆಯುತ್ತಾನೆ, ಅವಳ ಎದುರಿಗೇ ಮಾಯವಾಗುತ್ತಾನೆ, ಮತ್ತೆ ಪ್ರತ್ಯಕ್ಷನಾಗುತ್ತಾನೆ. ಹದಿನಾರು ವರ್ಷದ ಮೇಲೆ, ಮೊದಲ ಸೀಸನ್ ಕೊನೆಯಲ್ಲಿ, ಅದೇ ರೂಸೋ ಇವರ ಬೀಚಿಗೆ ಬರುತ್ತಾಳೆ. ಜಿನ್ ಅಲ್ಲೇ ತೆಪ್ಪ ಕಟ್ಟುವ ಗಡಿಬಿಡಿಯಲ್ಲಿದ್ದಾನೆ. ಅವಳಿಗೆ ಗುರುತೇ ಸಿಗುವುದಿಲ್ಲ. ಒಂಟಿತನದಲ್ಲಿ ಅವಳ ಬುದ್ಧಿ ಕೆಟ್ಟಿತ್ತು ಅಂತ ಮರೆವಿನ ಅಂಟನ್ನೇ ಇಲ್ಲೂ ಹಚ್ಚಬಹುದು. ನನಗದು ಹಿಡಿಯುವುದಿಲ್ಲ. ಕಣ್ಣೆದುರು ಮಾಯವಾದ ಮನುಷ್ಯನ ಮುಖವನ್ನು ಯಾರು ಮರೆಯುತ್ತಾರೆ? ಮೊದಲ ಸೀಸನ್ ಬಂದದ್ದು 2004ರಿಂದ 2005ರಲ್ಲಿ, ಜಿನ್‌ನನ್ನು 1988ಕ್ಕೆ ಕಳಿಸಿದ್ದು 2009ರಲ್ಲಿ. ಹಿಂದಿನ ಕಂತಿಗೆ ಹೋಗಿ ಅವಳ ಮುಖದಲ್ಲಿ ಒಂದು ಬೆಚ್ಚುವಿಕೆಯನ್ನು ಸೇರಿಸಲು ಬರೆಯುವವರಿಗೂ ಟೈಮ್ ಮೆಷಿನ್ ಇರಲಿಲ್ಲ. ಬೆನ್ ಬಗ್ಗೆ ಹರ್ಲಿ ಕೇಳಿದ್ದರಿಂದ ಒಂದು ಉತ್ತರವಾದರೂ ಸಿಕ್ಕಿತು. ರೂಸೋ ಬಗ್ಗೆ ಅವನು ಕೇಳಲೇ ಇಲ್ಲ.